ಮೂಕಿ ಯುಗದ ಕಿರುಚಿತ್ರಗಳು: ಯಾರಿಗೆ ಯಾವುದು, ಯಾವ ಪ್ರತಿ, ಯಾವ ವೇಗ

ಮೂಕಿ ಚಿತ್ರ ಎಂದರೆ ಪಟಪಟ ಓಡಾಡುವ ಜನ, ಮಂಜು ಕವಿದಂಥ ಚಿತ್ರ, ಹಿಂದೆ ಸಂಬಂಧವಿಲ್ಲದ ಪಿಯಾನೊ, ಇಷ್ಟೇ ಎಂದು ನಂಬಿರುವವರು ಬಹಳ ಜನ. ಅವರಿಗೆ ಸಿಕ್ಕ ಪ್ರತಿ ಕೆಟ್ಟದಾಗಿತ್ತು, ಅಷ್ಟೆ. ಅದೇ ಚಿತ್ರದ ಒಳ್ಳೆಯ ಪ್ರತಿಯನ್ನು ಸರಿಯಾದ ವೇಗದಲ್ಲಿ ಹಾಕಿ ನೋಡಿ: 120 ವರ್ಷ ಹಿಂದಿನ ಮನುಷ್ಯರು ನಮ್ಮ ಹಾಗೆಯೇ ನಡೆಯುತ್ತಾರೆ, ಕ್ಯಾಮೆರಾ ಕಂಡು ನಾಚುತ್ತಾರೆ. ಆದ್ದರಿಂದ ಆಯ್ಕೆ ಎರಡು ಸಲ ಮಾಡಬೇಕು. ಮೊದಲು ನೋಡುವವರಿಗೆ ಒಗ್ಗುವ ಚಿತ್ರ, ಆಮೇಲೆ ಆ ಚಿತ್ರದ ಯೋಗ್ಯವಾದ ಪ್ರತಿ. ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ.

ಇಲ್ಲಿರುವವು 1894ರಿಂದ 1920ರವರೆಗಿನ ಚಿತ್ರಗಳು. ಕೆಲವು ಸೆಕೆಂಡಿನದರಿಂದ ಎರಡು ರೀಲಿನವರೆಗೆ (ಸುಮಾರು ಅರ್ಧ ಗಂಟೆ) ಉದ್ದವಿದೆ.

ಮೊದಲ ಪ್ರಶ್ನೆ: ಓದುವುದಿದೆಯೇ?

ಶಾಲೆಯಲ್ಲೋ ಮನೆಯ ತಾರಸಿಯ ಮೇಲೋ ಕನ್ನಡದ ಪ್ರೇಕ್ಷಕರಿಗೆ ತೋರಿಸುವವರು ಚಿತ್ರದಲ್ಲಿ ಟೈಟಲ್ ಕಾರ್ಡ್, ಅಂದರೆ ದೃಶ್ಯಗಳ ನಡುವೆ ಬರುವ ಬರಹ, ಇದೆಯೇ ಎಂದು ಮೊದಲು ನೋಡಬೇಕು. 1903ರವರೆಗಿನ ಚಿತ್ರಗಳಲ್ಲಿ ನಡುವೆ ಅಕ್ಷರ ಬರುವುದು ಅಪರೂಪ. ಫ್ರಾನ್ಸಿನ ಲ್ಯುಮಿಯೇರ್, ಮೆಲಿಯೆಸ್, ಇಂಗ್ಲೆಂಡಿನ ಬ್ರೈಟನ್ ಕಡೆಯವರ ಚಿತ್ರಗಳನ್ನು ಯಾವ ಭಾಷೆಯವರಾದರೂ ಹಾಗೇ ನೋಡಬಹುದು. 1908ರಿಂದಾಚೆಗಿನ ಅಮೆರಿಕದ ಕಥಾಚಿತ್ರಗಳು ಹಾಗಲ್ಲ, ಇಂಗ್ಲಿಷ್ ಕಾರ್ಡುಗಳು ಬರುತ್ತಲೇ ಇರುತ್ತವೆ. ಕಾರ್ಡು ತೆರೆಯ ಮೇಲೆ ನಿಲ್ಲುವುದು ಕೆಲವೇ ಸೆಕೆಂಡು. ಅಲ್ಲೇ ಓದಿ ಅಲ್ಲೇ ಅನುವಾದ ಮಾಡಲು ಹೋದರೆ ಮುಂದಿನ ದೃಶ್ಯ ಕೈತಪ್ಪುತ್ತದೆ. ಒಂದು ಸಲ ಚಿತ್ರ ನೋಡಿ, ಎಲ್ಲ ಕಾರ್ಡುಗಳ ಕನ್ನಡವನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಗಟ್ಟಿಯಾಗಿ ಹೇಳಿ. ಹೀಗೆ ಹೇಳುವುದರಿಂದ ಚಿತ್ರಕ್ಕೆ ಯಾವ ಅಪಚಾರವೂ ಇಲ್ಲ. ತೆರೆಯ ಪಕ್ಕ ನಿಂತು ಕಥೆ ಹೇಳುವವರು ಆ ಕಾಲದ ಪ್ರದರ್ಶನದ ಭಾಗವೇ ಆಗಿದ್ದರು.

ಎಡಿಸನ್ ಅಥವಾ ಲ್ಯುಮಿಯೇರ್

ಎಡಿಸನ್ ಕಂಪನಿಯವು ಮೊದಲು ಬಂದವು. 1894ರ ಏಪ್ರಿಲ್ 14ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಕೈನೆಟೊಸ್ಕೋಪ್ ಅಂಗಡಿ ತೆರೆಯಿತು. ಕೈನೆಟೊಸ್ಕೋಪ್ ಎಂದರೆ ಒಂದು ಮರದ ಪೆಟ್ಟಿಗೆ. ದುಡ್ಡು ಕೊಟ್ಟವರು ಬಗ್ಗಿ ಕಿಂಡಿಯೊಳಗೆ ಇಣುಕಿ, ಒಬ್ಬೊಬ್ಬರಾಗಿ ನೋಡಬೇಕಿತ್ತು. ಚಿತ್ರೀಕರಣ ನಡೆಯುತ್ತಿದ್ದುದು ನ್ಯೂಜೆರ್ಸಿಯ ವೆಸ್ಟ್ ಆರೆಂಜಿನಲ್ಲಿ, ಟಾರು ಕಾಗದ ಹೊದಿಸಿದ ಬ್ಲ್ಯಾಕ್ ಮರಿಯಾ ಎಂಬ ಶೆಡ್ಡಿನಲ್ಲಿ. ಚಾವಣಿ ತೆರೆದು, ಬಿಸಿಲು ಸರಿದಂತೆ ಇಡೀ ಕಟ್ಟಡವನ್ನೇ ತಿರುಗಿಸುತ್ತಿದ್ದರು. ಶೆಡ್ಡಿನ ಒಳಗೂ ಕಪ್ಪೇ, ಅದಕ್ಕೇ ಈ ಚಿತ್ರಗಳಲ್ಲಿ ಹಿನ್ನೆಲೆ ಕಪ್ಪು. ಮುಂದೆ ಒಬ್ಬ ಕುಸ್ತಿಪಟುವೋ ಒಬ್ಬ ನರ್ತಕಿಯೋ, ಅಷ್ಟೆ. 'ಫ್ರೆಡ್ ಆಟ್ಸ್ ಸ್ನೀಜ್' ಎಂಬುದರಲ್ಲಿ ಒಬ್ಬ ಮನುಷ್ಯ ಸೀನುತ್ತಾನೆ, ಅಷ್ಟೇ, ಸುಮಾರು 5 ಸೆಕೆಂಡು. ಒಬ್ಬರು ನೋಡುವುದಕ್ಕೆಂದೇ ಮಾಡಿದ ಇವುಗಳನ್ನು ದೊಡ್ಡ ತೆರೆಗಿಂತ ಮೊಬೈಲಿನಲ್ಲಿ ತೋರಿಸಿದರೆ ಚೆನ್ನ.

ಲ್ಯುಮಿಯೇರ್ ಸಹೋದರರ ಯಂತ್ರ ಹಗುರ, ಬೀದಿಗೆ ಒಯ್ಯಬಹುದಾದದ್ದು. ಹಾಗಾಗಿ ಅವರ ಚಿತ್ರಗಳಲ್ಲಿ ಗಾಳಿ ಬಿಸಿಲು ಇದೆ, ಹಿಂದೆ ಯಾರೋ ಹಾದುಹೋಗುತ್ತಾರೆ. ಪ್ರತಿ ಚಿತ್ರ ಸುಮಾರು 17 ಮೀಟರ್ ಫಿಲ್ಮು, 50 ಸೆಕೆಂಡಿನ ಆಸುಪಾಸು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ 10 ಚಿತ್ರ ತೋರಿಸಿದರು. 1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ತೋರಿಸಿದರು. ಸಾರ್ವಜನಿಕರಿಗೆ ತೋರಿಸುವುದಾದರೆ ನಿಸ್ಸಂಶಯವಾಗಿ ಲ್ಯುಮಿಯೇರ್.

ಅದರಲ್ಲೂ ಮಕ್ಕಳಿಗೆ ತೋಟಗಾರನ ಚಿತ್ರ, 'ಲರೋಸರ್ ಅರೋಸೆ'. ಮಾಲಿ ನೀರು ಹಾಯಿಸುತ್ತಿದ್ದಾನೆ. ಹುಡುಗ ಪೈಪು ತುಳಿಯುತ್ತಾನೆ, ನೀರು ನಿಲ್ಲುತ್ತದೆ. ಮಾಲಿ ಪೈಪಿನ ಬಾಯಿಗೆ ಕಣ್ಣಿಡುತ್ತಾನೆ, ಹುಡುಗ ಕಾಲು ತೆಗೆಯುತ್ತಾನೆ. ಮುಂದಿನದನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ. ದೊಡ್ಡವರು ಗಮನಿಸಬೇಕಾದ್ದು ಕೊನೆಯ ಹದಿನೈದು ಸೆಕೆಂಡು. ಹುಡುಗ ಓಡುತ್ತಾನೆ, ಮಾಲಿ ಹಿಡಿಯುತ್ತಾನೆ, ಆದರೆ ಅಲ್ಲೇ ಹೊಡೆಯುವುದಿಲ್ಲ. ಮತ್ತೆ ಮುಂದಕ್ಕೆ ಎಳೆದುಕೊಂಡು ಬಂದು ಹೊಡೆಯುತ್ತಾನೆ. ಕ್ಯಾಮೆರಾ ಕದಲುವುದಿಲ್ಲವಲ್ಲ, ಪೆಟ್ಟು ಪ್ರೇಕ್ಷಕರಿಗೆ ಕಾಣಬೇಕಲ್ಲ! ಚಿತ್ರಕ್ಕಾಗಿ ನಟನನ್ನು ಇಂಥಲ್ಲಿ ನಿಲ್ಲು ಎಂದು ಹೇಳಿದ್ದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಸಿನಿಮಾ ಓದುವ ವಿದ್ಯಾರ್ಥಿಗಳಿಗಾದರೆ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ಚಿತ್ರ. ಅದಕ್ಕೆ ಮೂರು ಆವೃತ್ತಿಗಳಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಗಾಡಿಯೇ ಇಲ್ಲ. ಗುರುತಿಗೆ ಕುದುರೆ ಎಣಿಸಿದರೆ ಸಾಕು. ಮೂರನ್ನೂ ಒಂದರ ಹಿಂದೊಂದು ಹಾಕಿದರೆ ಮೂರೂವರೆ ನಿಮಿಷವೂ ಆಗದು, 'ಇದ್ದದ್ದನ್ನು ಇದ್ದ ಹಾಗೆ ಹಿಡಿದರು' ಎಂಬ ಮಾತು ಎಷ್ಟು ನಿಜ ಎಂದು ತಾನಾಗಿ ತಿಳಿಯುತ್ತದೆ. ಲಾ ಸಿಯೋಟಾ ನಿಲ್ದಾಣಕ್ಕೆ ರೈಲು ಬರುವ ಚಿತ್ರವನ್ನೂ ಖಂಡಿತ ಹಾಕಿ. ಆದರೆ 'ಜನ ಹೆದರಿ ಓಡಿದರು' ಎಂಬ ಕಥೆಯನ್ನು ಇತಿಹಾಸವೆಂದು ಹೇಳಬೇಡಿ, ಅದಕ್ಕೆ ಗಟ್ಟಿ ಆಧಾರವಿಲ್ಲ. ಗ್ರಾಂಡ್ ಕೆಫೆಯ ಮೊದಲ ದಿನದ ಹತ್ತು ಚಿತ್ರಗಳಲ್ಲಿ ಅದು ಇರಲೇ ಇಲ್ಲ.

ಮಾಯೆ ಬೇಕಾದವರಿಗೆ: ಮೆಲಿಯೆಸ್, ಅಥವಾ ಬ್ರೈಟನ್

ಜಾರ್ಜ್ ಮೆಲಿಯೆಸ್ ಜಾದೂಗಾರ. ಅವರ ಚಿತ್ರ ಎಂದ ತಕ್ಷಣ ಎಲ್ಲರೂ ಹಾಕುವುದು 1902ರ ಚಂದ್ರಯಾನದ ಚಿತ್ರ, 'ಎ ಟ್ರಿಪ್ ಟು ದ ಮೂನ್'. ಒಳ್ಳೆಯದೇ, ಆದರೆ ಮೊದಲ ಸಲ ನೋಡುವ ಚಿಕ್ಕ ಮಕ್ಕಳಿಗೆ ಅದರ ಆರಂಭ ಉದ್ದವಾಯಿತು. ವಿಜ್ಞಾನಿಗಳ ಸಭೆ, ವಾಗ್ವಾದ, ಫಿರಂಗಿಯ ತಯಾರಿ ಎಲ್ಲ ಮುಗಿಯುವ ಹೊತ್ತಿಗೆ ಕೂತವರು ಮಿಸುಕಾಡುತ್ತಾರೆ. ಅದಕ್ಕಿಂತ ಮೊದಲು 1898ರ 'ದ ಫೋರ್ ಟ್ರಬಲ್‌ಸಮ್ ಹೆಡ್ಸ್' ಹಾಕಿ. ಒಂದೇ ನಿಮಿಷದ್ದು. ಮೆಲಿಯೆಸ್ ತಮ್ಮ ತಲೆಯನ್ನು ತಾವೇ ಕಿತ್ತು ಮೇಜಿನ ಮೇಲಿಡುತ್ತಾರೆ, ಕುತ್ತಿಗೆಯ ಮೇಲೆ ಮತ್ತೊಂದು ತಲೆ ಬರುತ್ತದೆ, ಹೀಗೆ ಮೂರು ತಲೆ ಮೇಜಿನ ಮೇಲೆ ಕೂತು ಹಾಡತೊಡಗುತ್ತವೆ. ಕಪ್ಪು ಪರದೆಯ ಮುಂದೆ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮತ್ತೆ ಚಿತ್ರಿಸಿದ ಕೆಲಸ ಅದು. ಕಪ್ಪು ಜಾಗದಲ್ಲಿ ಫಿಲ್ಮಿಗೆ ಬೆಳಕು ತಾಗಿರುವುದಿಲ್ಲ, ಅಲ್ಲಿ ಎರಡನೆಯ ಸಲ ತಲೆ ಮೂಡಿಸಬಹುದು.

ಚಂದ್ರಯಾನದ ಚಿತ್ರವನ್ನು ಹತ್ತು ವರ್ಷ ದಾಟಿದವರಿಗೆ, ಕನ್ನಡದಲ್ಲಿ ಕಥೆ ಹೇಳುತ್ತಾ ತೋರಿಸಿ. ಹಳೆಯ ಎಷ್ಟೋ ಪ್ರತಿಗಳಲ್ಲಿ ಕೊನೆಯ ಮೆರವಣಿಗೆ, ಸನ್ಮಾನದ ಭಾಗವೇ ಇಲ್ಲ. ನೌಕೆ ಸಮುದ್ರದಿಂದ ಬಂದರಿಗೆ ಬಂದ ಕೂಡಲೇ ಮುಗಿದರೆ ನಿಮ್ಮದು ಅರ್ಧಂಬರ್ಧ ಪ್ರತಿ. ಕೈಯಿಂದ ಬಣ್ಣ ಹಚ್ಚಿದ ಪ್ರತಿಯೊಂದು 1993ರಲ್ಲಿ ಬಾರ್ಸಿಲೋನಾದ ಚಿತ್ರಾಗಾರದಲ್ಲಿ ಸಿಕ್ಕಿತು. ಗಟ್ಟಿಕಟ್ಟಿ ಹೋಗಿದ್ದ ಆ ರೀಲನ್ನು ಬಿಡಿಸಿ ಸರಿಪಡಿಸಿ 2011ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದರು. ಬಣ್ಣದ ಸೊಗಸಿಗೆ ಅದು, ಸೆಟ್ಟಿನ ರೇಖೆ, ನಟರ ಮುಖ ಸ್ಪಷ್ಟ ಕಾಣಬೇಕಾದರೆ ಒಳ್ಳೆಯ ಕಪ್ಪುಬಿಳುಪು ಪ್ರತಿ. ಮೆಲಿಯೆಸ್ 500ಕ್ಕೂ ಹೆಚ್ಚು ಚಿತ್ರ ಮಾಡಿದರು, 1923ರಲ್ಲಿ ಬೇಸತ್ತು ತಮ್ಮ ನೆಗೆಟಿವ್‌ಗಳನ್ನು ತಾವೇ ಸುಟ್ಟರು. ಉಳಿದವು ಸುಮಾರು 200, ಅದೂ ಅಲ್ಲಿ ಇಲ್ಲಿ ಚದುರಿದ್ದ ಪ್ರತಿಗಳ ದಯೆಯಿಂದ.

ಮೆಲಿಯೆಸ್ ಕ್ಯಾಮೆರಾವನ್ನು ನಾಟಕದ ಮುಂದಿನ ಸಾಲಿನಲ್ಲಿ ಕೂರಿಸಿಬಿಟ್ಟರು. ಅದನ್ನು ಅಲ್ಲಿಂದ ಎಬ್ಬಿಸಿದವರು ಬ್ರೈಟನ್, ಹೋವ್ ಊರುಗಳವರು. ಜಾರ್ಜ್ ಆಲ್ಬರ್ಟ್ ಸ್ಮಿತ್ ಅವರ 'ಗ್ರ್ಯಾಂಡ್‌ಮಾಸ್ ರೀಡಿಂಗ್ ಗ್ಲಾಸ್' 1900ರದು. ಹುಡುಗ ಅಜ್ಜಿಯ ಭೂತಗನ್ನಡಿ ಹಿಡಿದು ಪತ್ರಿಕೆ, ಗಡಿಯಾರದ ಒಳಭಾಗ, ಪಂಜರದ ಹಕ್ಕಿ, ಅಜ್ಜಿಯ ಕಣ್ಣು, ಕೊನೆಗೆ ಬೆಕ್ಕಿನ ಮರಿಯನ್ನು ನೋಡುತ್ತಾನೆ. ಅವನು ಕಂಡದ್ದು ನಮಗೆ ದುಂಡನೆಯ ಚೌಕಟ್ಟಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಜೇಮ್ಸ್ ವಿಲಿಯಮ್ಸನ್ ಅವರ 1901ರ 'ದ ಬಿಗ್ ಸ್ವಾಲೋ'ದಲ್ಲಿ, ಫೋಟೊ ತೆಗೆಯಬೇಡ ಎಂದು ಸಿಟ್ಟಾದ ಮನುಷ್ಯ ಹತ್ತಿರ ಹತ್ತಿರ ಬಂದು ಬಾಯಿ ತೆರೆದು ಕ್ಯಾಮೆರಾ ಸಮೇತ ಫೋಟೊಗ್ರಾಫರನನ್ನು ನುಂಗುತ್ತಾನೆ. ಎರಡೂ ಸೇರಿ ಎರಡೂವರೆ ನಿಮಿಷ. ಕ್ಲೋಸ್‌ಅಪ್ ಎಂದರೇನು ಎಂದು ಪಾಠ ಮಾಡುವವರಿಗೆ ಇವುಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಮಾಯೆಗೆ ಮೆಲಿಯೆಸ್, ಸಿನಿಮಾ ಕಲಿಯುವುದಕ್ಕೆ ಬ್ರೈಟನ್.

ಕಥೆ ಬೇಕಾದರೆ

ಮನೆಮಂದಿಗೆಲ್ಲ: ಸೆಸಿಲ್ ಹೆಪ್‌ವರ್ತ್ ಅವರ 1905ರ 'ರೆಸ್ಕ್ಯೂಡ್ ಬೈ ರೋವರ್'. ಮಗುವನ್ನು ಕದ್ದೊಯ್ಯುತ್ತಾರೆ, ಮನೆಯ ನಾಯಿ ಬೀದಿ ದಾಟಿ, ಹೊಳೆ ಈಜಿ, ಒಂದೊಂದೇ ಬಾಗಿಲು ಹುಡುಕಿ, ಮಗುವನ್ನು ಕಂಡು, ವಾಪಸು ಓಡಿ ಯಜಮಾನನನ್ನು ಕರೆತರುತ್ತದೆ. ಸುಮಾರು ಏಳು ನಿಮಿಷ. ನಾಯಿ ಹೋಗುವಾಗ ನಮ್ಮ ಕಡೆಗೆ ಬರುತ್ತದೆ, ಮರಳುವಾಗ ನಮ್ಮಿಂದ ಆಚೆಗೆ ಓಡುತ್ತದೆ, ಜಾಗಗಳ ಕ್ರಮವೂ ತಿರುಗುಮುರುಗು. ಎಲ್ಲಿಂದ ಎಲ್ಲಿಗೆ ಹೊರಟಿತು ಎಂಬ ಗೊಂದಲ ಐದು ವರ್ಷದ ಮಗುವಿಗೂ ಆಗುವುದಿಲ್ಲ. ಇದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಪ್ರಿಂಟು ತೆಗೆದು ತೆಗೆದು ನೆಗೆಟಿವ್ ಸವೆದು, ಚಿತ್ರವನ್ನು ಇನ್ನೆರಡು ಸಲ ಪೂರ್ತಿ ಮತ್ತೆ ಚಿತ್ರೀಕರಿಸಬೇಕಾಯಿತು. ಭಿಕ್ಷುಕಿಯನ್ನು ಕಳ್ಳಿಯಾಗಿ, ಕುಡುಕಿಯಾಗಿ ತೋರಿಸಿದ್ದಾರೆ. ಮಕ್ಕಳಿದ್ದರೆ ಅದರ ಬಗ್ಗೆ ಎರಡು ಮಾತು ಹೇಳುವುದು ಒಳ್ಳೆಯದು.

ಎಡ್ವಿನ್ ಪೋರ್ಟರ್ ಅವರ 1903ರ 'ದ ಗ್ರೇಟ್ ಟ್ರೇನ್ ರಾಬರಿ' ಇದಕ್ಕಿಂತ ಪ್ರಸಿದ್ಧ, ಆದರೆ ಚಿಕ್ಕವರಿಗೆ ಬೇಡ. ರೈಲಿನ ಮೇಲೆ ಒಬ್ಬನ ತಲೆಗೆ ಹೊಡೆದು ಕೆಳಗೆಸೆಯುವುದು, ಓಡುವವನಿಗೆ ಬೆನ್ನ ಹಿಂದಿನಿಂದ ಗುಂಡು, ಎಲ್ಲ ಇದೆ. ಎಸೆಯುವುದು ಬೊಂಬೆಯನ್ನು, ಎಲ್ಲಿ ಬದಲಾಯಿತು ಎಂದು ಹುಡುಕುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ. ದರೋಡೆಕೋರ ನೇರ ಪ್ರೇಕ್ಷಕರತ್ತ ಗುಂಡು ಹಾರಿಸುವ ಶಾಟ್ ಕೆಲವು ಪ್ರತಿಗಳಲ್ಲಿ ಮೊದಲಿಗಿದೆ, ಕೆಲವದರಲ್ಲಿ ಕೊನೆಗಿದೆ. ಎರಡೂ ಸರಿಯೇ. ಎಲ್ಲಿ ಬೇಕಾದರೂ ಅಂಟಿಸಿಕೊಳ್ಳಿ ಎಂದು ಕಂಪನಿಯೇ ಕ್ಯಾಟಲಾಗಿನಲ್ಲಿ ಪ್ರದರ್ಶಕರಿಗೆ ಬಿಟ್ಟಿತ್ತು.

ಅದೇ ಪೋರ್ಟರ್ ಅವರ 'ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್' ಆರಿಸುವಾಗ ಮಾತ್ರ ಎಚ್ಚರ. ಅದಕ್ಕೆ ಎರಡು ರೂಪ ಇವೆ. ಒಂದರಲ್ಲಿ ಉರಿಯುವ ಮನೆಯ ಒಳಗೆ, ಹೊರಗೆ, ಒಳಗೆ ಎಂದು ಶಾಟ್‌ಗಳು ಬದಲಾಗುತ್ತವೆ. ಇನ್ನೊಂದರಲ್ಲಿ ಇಡೀ ರಕ್ಷಣೆಯನ್ನು ಮೊದಲು ಒಳಗಿನಿಂದ ಪೂರ್ತಿ ತೋರಿಸಿ, ಆಮೇಲೆ ಅದೇ ಘಟನೆಯನ್ನು ಹೊರಗಿನಿಂದ ಮತ್ತೆ ಪೂರ್ತಿ ತೋರಿಸುತ್ತಾರೆ. ನೋಡಲು ವಿಚಿತ್ರವೆನಿಸುವ ಎರಡನೆಯದೇ 1903ರದು. ಮೊದಲನೆಯದನ್ನು ಆಮೇಲೆ ಯಾರೋ ಕತ್ತರಿಸಿ ಜೋಡಿಸಿದ್ದು. ಇದು ಗೊತ್ತಾದದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಾಗದದ ಪ್ರತಿಗಳಿಂದ. 1912ರವರೆಗೆ ಅಲ್ಲಿನ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಸಿನಿಮಾಕ್ಕೆ ಜಾಗವಿರಲಿಲ್ಲ, ಅದಕ್ಕೆ ಕಂಪನಿಗಳು ಚಿತ್ರವನ್ನು ಕಾಗದದ ಸುರುಳಿಯ ಮೇಲೆ ಅಚ್ಚುಹಾಕಿ ಫೋಟೊ ಎಂದು ನೋಂದಾಯಿಸುತ್ತಿದ್ದವು. ನೈಟ್ರೇಟ್ ಫಿಲ್ಮುಗಳು ಕೊಳೆತೋ ಉರಿದೋ ಹೋದವು, ಕಾಗದ ಉಳಿಯಿತು. ಹೀಗೆ ಉಳಿದವು 3,000ಕ್ಕೂ ಹೆಚ್ಚು.

ದೊಡ್ಡವರ ಸಭೆಗೆ, ಚರ್ಚೆಗೆ, ನನ್ನ ಆಯ್ಕೆ ಅಮೆರಿಕದ ನಿರ್ದೇಶಕ ಗ್ರಿಫಿತ್ ಅವರ 1909ರ 'ಎ ಕಾರ್ನರ್ ಇನ್ ವೀಟ್'. ಒಬ್ಬ ಸಾಹುಕಾರ ಪೇಟೆಯ ಗೋಧಿಯನ್ನೆಲ್ಲ ಹಿಡಿದಿಡುತ್ತಾನೆ. ಒಂದು ಕಡೆ ಅವನ ಔತಣ, ಇನ್ನೊಂದು ಕಡೆ ಬ್ರೆಡ್ಡಿನ ಬೆಲೆ 5 ಸೆಂಟಿನಿಂದ 10ಕ್ಕೆ ಏರಿದ ಫಲಕದ ಮುಂದೆ ಬಡವರ ಸಾಲು. ಆ ಸಾಲಿನ ಶಾಟ್‌ನಲ್ಲಿ ಯಾರೂ ಕದಲುವುದಿಲ್ಲ. ನಟರು ಬೇಕೆಂದೇ ಕಲ್ಲಿನಂತೆ ನಿಂತಿದ್ದಾರೆ. ವಿಡಿಯೊ ಸಿಕ್ಕಿಕೊಂಡಿತು ಎಂದು ಗುಂಡಿ ಒತ್ತಿಬಿಡಬೇಡಿ!

ಎಳೆಯರಿಗೆ, ನಗುವವರಿಗೆ

ರೇಖಾಚಿತ್ರದ ಆಟಕ್ಕೆ ಎಮಿಲ್ ಕೋಲ್ ಅವರ 1908ರ 'ಫ್ಯಾಂಟಸ್ಮಗೋರಿ', ಸುಮಾರು 700 ಚಿತ್ರ ಬರೆದು ಮಾಡಿದ್ದು, ಎರಡು ನಿಮಿಷದೊಳಗೆ ಮುಗಿಯುತ್ತದೆ. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಬರೆದು ನೆಗೆಟಿವನ್ನೇ ತೋರಿಸಿದ್ದರಿಂದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ ಕಾಣುತ್ತದೆ.

ಆದರೆ ಮಕ್ಕಳ ಗುಂಪಿದ್ದರೆ 1914ರ 'ಗರ್ಟಿ ದ ಡೈನೊಸಾರ್' ಎಲ್ಲಕ್ಕಿಂತ ಮೇಲು. ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಇದನ್ನು ರಂಗದ ಮೇಲೆ ಚಾಟಿ ಹಿಡಿದು ನಿಂತು ಆಡಿಸುತ್ತಿದ್ದರು. ಅವರು 'ಕಾಲೆತ್ತು' ಎಂದರೆ ತೆರೆಯ ಮೇಲೆ ಗರ್ಟಿ ಕಾಲೆತ್ತಬೇಕು, ಗದರಿದರೆ ಅಳಬೇಕು. ಆಮೇಲೆ ಚಿತ್ರಮಂದಿರಗಳಿಗೆ ಕಳಿಸುವಾಗ ಆ ಮಾತುಗಳ ಜಾಗದಲ್ಲಿ ಕಾರ್ಡು ಸೇರಿಸಿದರು, ಮುಂದೆ ಗೆಳೆಯರು ಬಾಜಿ ಕಟ್ಟುವ ಉದ್ದನೆಯ ದೃಶ್ಯವನ್ನೂ ಹಚ್ಚಿದರು. ಆ ಮುಂಭಾಗ ಬಿಟ್ಟು ಗರ್ಟಿ ಗುಹೆಯಿಂದ ತಲೆ ಹೊರಹಾಕುವಲ್ಲಿಂದ ಶುರುಮಾಡಿ, ಒಬ್ಬರು ತೆರೆಯ ಪಕ್ಕ ನಿಂತು ಕಾರ್ಡು ಬಂದಾಗಲೆಲ್ಲ ಕನ್ನಡದಲ್ಲಿ ಅಪ್ಪಣೆ ಕೊಡಿ: 'ಬಾರಮ್ಮ ಗರ್ಟಿ, ಎಲ್ಲರಿಗೂ ನಮಸ್ಕಾರ ಮಾಡು.' ಚಿತ್ರ ಹುಟ್ಟಿದ ರೀತಿಗೆ ಅದೇ ಹತ್ತಿರ.

ಹಾಸ್ಯದಲ್ಲಿ ಚಾರ್ಲಿ ಚಾಪ್ಲಿನ್ ಬೇಕೋ ಬಸ್ಟರ್ ಕೀಟನ್ ಬೇಕೋ? ಚಾಪ್ಲಿನ್ನರ 1914ರ ಕೀಸ್ಟೋನ್ ಕಂಪನಿಯ ಚಿತ್ರಗಳಿಂದ ಶುರುಮಾಡಬೇಡಿ, ಬರೀ ನೂಕಾಟ ಒದೆದಾಟ, ಪ್ರತಿಗಳೂ ಹರಕು. 1916-17ರ ಮ್ಯೂಚುಯಲ್ ಕಂಪನಿಯ 12 ಚಿತ್ರಗಳಲ್ಲಿ ಒಂದನ್ನು ಆರಿಸಿ. 'ದ ಇಮಿಗ್ರಂಟ್' ನಗಿಸುತ್ತದೆ, ಮನಸ್ಸೂ ಕರಗುತ್ತದೆ. ಇವುಗಳಿಗೆ 1932ರಲ್ಲಿ ವ್ಯಾನ್ ಬ್ಯೂರನ್ ಕಂಪನಿ ಸದ್ದು, ಸಂಗೀತ ಸೇರಿಸಿ ಬಿಟ್ಟ ಪ್ರತಿಗಳೇ ಎಲ್ಲೆಡೆ ಓಡಾಡುತ್ತಿವೆ. ಬಿದ್ದಾಗ ಡೋಲು, ಜಾರಿದಾಗ ಪೀಪಿ ಕೇಳಿದರೆ ಆ ಪ್ರತಿ ಎಂದು ತಿಳಿಯಿರಿ. ಬೊಲೊನ್ಯಾದ ಚಿತ್ರಾಗಾರ ಮತ್ತು ಲಾಬ್‌ಸ್ಟರ್ ಫಿಲ್ಮ್ಸ್ ಸೇರಿ ಸರಿಪಡಿಸಿದ ಪ್ರತಿ ಸಿಕ್ಕರೆ ಬಿಡಬೇಡಿ. ಕೀಟನ್ನರ 1920ರ 'ಒನ್ ವೀಕ್'ನಲ್ಲಿ ಹೊಸ ದಂಪತಿ ಪೆಟ್ಟಿಗೆಗಳಲ್ಲಿ ಬಂದ ಮನೆಯನ್ನು ಜೋಡಿಸುತ್ತಾರೆ, ಹೊಟ್ಟೆಕಿಚ್ಚಿನವನು ಪೆಟ್ಟಿಗೆಯ ನಂಬರು ಬದಲಾಯಿಸಿಟ್ಟಿರುತ್ತಾನೆ. ಕಾರ್ಡು ಕಡಿಮೆ, ನಗು ಪೂರ್ತಿ ಕಣ್ಣಿನದು. ಕನ್ನಡದ ಮಕ್ಕಳಿಗೆ ಕೀಟನ್ ಸುಲಭ, ಹಿರಿಯರಿಗೆ ಚಾಪ್ಲಿನ್.

ನಮ್ಮ ದೇಶದ್ದೇ ಬೇಕೆನ್ನುವವರಿಗೆ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'. 1913ರಲ್ಲಿ ನಾಲ್ಕು ರೀಲಿನ ಪೂರ್ಣ ಚಿತ್ರ ಅದು, ಈಗ ಸಿಗುವುದು ಸುಮಾರು 20 ನಿಮಿಷದ ತುಣುಕು. ಕಥೆ ನಡುನಡುವೆ ತುಂಡಾದರೂ ರಾಘವಾಂಕನ ನಾಡಿನವರಿಗೆ ಅದು ತೊಡಕಲ್ಲ. ತಾರಾಮತಿಯ ಪಾತ್ರ ಮಾಡಿದ್ದು ಸಾಳುಂಕೆ ಎಂಬ ಗಂಡಸು.

ವೇಗ ಸರಿ ಇದೆಯೇ ಎಂದು ನೋಡುವುದು

ಆ ಕಾಲದ ಬಹುತೇಕ ಕ್ಯಾಮೆರಾಗಳ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ 8 ಫ್ರೇಮು, ಅಂದರೆ ಫಿಲ್ಮಿನ ಮೇಲೆ 8 ಬಿಡಿ ಚಿತ್ರ. ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಫ್ರೇಮು. ಮಾತಿನ ಚಿತ್ರ ಬಂದ ಮೇಲೆ ವೇಗ 24ಕ್ಕೆ ನಿಂತಿತು. ಹಳೆಯ ರೀಲನ್ನು ಹೊಸ ಯಂತ್ರಕ್ಕೆ ಹಾಕಿದರೆ ಒಂದೂವರೆ ಪಟ್ಟು ಓಡುತ್ತದೆ, ಆ 'ಪಟಪಟ' ಹುಟ್ಟಿದ್ದು ಅಲ್ಲಿ.

ಲೆಕ್ಕ ಸುಲಭ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು. ಹಾಗಾಗಿ 16ರ ವೇಗದಲ್ಲಿ ಎಷ್ಟು ಅಡಿಯೋ ಅಷ್ಟು ಸೆಕೆಂಡು. ಟ್ರೇನ್ ರಾಬರಿ 740 ಅಡಿ, ಅಂದರೆ 12 ನಿಮಿಷ 20 ಸೆಕೆಂಡು. ನಿಮ್ಮ ಫೈಲು 8 ನಿಮಿಷ ಚಿಲ್ಲರೆಗೆ ಮುಗಿದರೆ ಅದು 24ರಲ್ಲಿ ಓಡುತ್ತಿದೆ. ಚಂದ್ರಯಾನ 845 ಅಡಿ, 14 ನಿಮಿಷದ ಆಸುಪಾಸು ಇರಬೇಕು. 9 ನಿಮಿಷವಿದ್ದರೆ ಒಂದೋ ವೇಗ ಹೆಚ್ಚಿದೆ, ಇಲ್ಲವೇ ಕೊನೆ ಕತ್ತರಿಸಿದೆ. ಪೂರ್ತಿ ಒಂದು ರೀಲು, 1,000 ಅಡಿ, 16ರಲ್ಲಿ 16 ನಿಮಿಷ 40 ಸೆಕೆಂಡು, 24ರಲ್ಲಿ 11 ನಿಮಿಷ.

ಅಡಿ ಗೊತ್ತಿಲ್ಲದಿದ್ದರೆ ನಡೆಯುವವರ ಕಾಲು, ಬೀಳುವ ನೀರು ನೋಡಿ. ಇನ್ನೂ ಖಚಿತವಾಗಿ ಬೇಕಾದರೆ ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಇ (E) ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮು ಮುಂದೆ ಹೋಗಿ. 24ರ ಫೈಲಿನಲ್ಲಿ ಪ್ರತಿ ಮೂರಕ್ಕೆ ಒಂದು ಫ್ರೇಮು ಹಿಂದಿನದೇ ಮರುಕಳಿಸಿದರೆ ಯಾರೋ ಆಗಲೇ 16ರ ವೇಗ ಸರಿಪಡಿಸಿದ್ದಾರೆ. ಅದನ್ನು ಮತ್ತೆ ನಿಧಾನ ಮಾಡಿದರೆ ಜನ ನೀರಿನೊಳಗೆ ನಡೆದಂತೆ ಕಾಣುತ್ತಾರೆ. ಒಂದೂ ಮರುಕಳಿಸದೆ ಜನ ಓಡುತ್ತಿದ್ದರೆ ವೇಗವನ್ನು 0.67ರ ಹತ್ತಿರಕ್ಕೆ ಇಳಿಸಿ. ಯೂಟ್ಯೂಬಿನ 0.75 ಎಂದರೆ 18 ಫ್ರೇಮು, ಅದೂ ನಡೆಯುತ್ತದೆ. ಸಂಗೀತವೂ ಎಳೆಯುತ್ತದೆ, ಧ್ವನಿ ಮುಚ್ಚಿಬಿಡಿ.

ಎರಡು ಅಪವಾದ. ಎಡಿಸನ್ನರ ಮೊದಮೊದಲ ಚಿತ್ರಗಳು 30-40 ಫ್ರೇಮಿನಷ್ಟು ವೇಗದಲ್ಲಿ ತೆಗೆದವು, ಸಾಮಾನ್ಯ ಪ್ರತಿಯಲ್ಲಿ ತೇಲಿದಂತೆ ಕಾಣುತ್ತವೆ, ಅವನ್ನು ಹೆಚ್ಚಿಸಬೇಕು. ಹಾಸ್ಯ ಚಿತ್ರಗಳನ್ನು ಸ್ವಲ್ಪ ಚುರುಕಾಗಿ ಕಾಣಲೆಂದೇ ನಿಧಾನವಾಗಿ ಹಿಡಿ ತಿರುಗಿಸಿ ತೆಗೆಯುತ್ತಿದ್ದರು. ಕೀಟನ್ನರನ್ನು ಸಹಜ ನಡಿಗೆಗೆ ಇಳಿಸಿದರೆ ನಗು ಸಾಯುತ್ತದೆ.

ಪ್ರತಿಯಲ್ಲಿ ಇನ್ನೇನು ನೋಡಬೇಕು

ಕಂಪ್ಯೂಟರಿನಿಂದ 4ಕೆಗೆ ಏರಿಸಿ, ಸೆಕೆಂಡಿಗೆ 60 ಫ್ರೇಮು ಮಾಡಿ, ಬಣ್ಣ ತುಂಬಿದ ಪ್ರತಿಗಳು 2020ರಿಂದೀಚೆಗೆ ಬಹಳ ಹರಡಿವೆ. ಗಮನ ಸೆಳೆಯಲು ಒಂದು ಸಲ ತೋರಿಸಬಹುದು, ಅದನ್ನೇ ಮೂಲವೆಂದು ಹೇಳಬಾರದು. ನಡುವಿನ ಫ್ರೇಮುಗಳು ಊಹಿಸಿ ಬರೆದವು. ನಿಲ್ಲಿಸಿ ನೋಡಿದರೆ ಬೆರಳುಗಳು ಕರಗಿರುತ್ತವೆ, ಚಕ್ರದ ಕಡ್ಡಿಗಳು ಅಂಟಿಕೊಂಡಿರುತ್ತವೆ. ಬಣ್ಣವೂ ಯಂತ್ರದ ಊಹೆಯೇ. ಆದರೆ ಇಡೀ ದೃಶ್ಯ ನೀಲಿಯಾಗಿಯೋ ಹಳದಿಯಾಗಿಯೋ ಇದ್ದರೆ ಅದು ದೋಷವಲ್ಲ. ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿ ಎಂದು ಆಗಲೇ ಫಿಲ್ಮನ್ನು ಬಣ್ಣದಲ್ಲಿ ಅದ್ದುತ್ತಿದ್ದರು.

ಚಿತ್ರದ ಅಳತೆ 4:3. ಅಗಲ ತೆರೆ ತುಂಬಲೆಂದು ಕತ್ತರಿಸಿದ ಪ್ರತಿಯಲ್ಲಿ ತಲೆಯೋ ಕಾಲೋ ಹೋಗಿರುತ್ತದೆ, ಹಿಗ್ಗಿಸಿದರೆ ಎಲ್ಲರೂ ಕುಳ್ಳರಾಗುತ್ತಾರೆ. ಟಿವಿಯಲ್ಲಿ ತೋರಿಸುವುದಾದರೆ ಚಲನೆಯನ್ನು ನಯಮಾಡುವ ಸೆಟ್ಟಿಂಗ್ ಆಫ್ ಮಾಡಿ.

ಹಕ್ಕಿನ ವಿಚಾರ: ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ, ಹಾಗಾಗಿ ಈ ಚಿತ್ರಗಳನ್ನು ಯಾರು ಬೇಕಾದರೂ ತೋರಿಸಬಹುದು. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಮಾತ್ರ ಬೇರೆ ಹಕ್ಕಿದೆ. ನೀವು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದಾಗ ತಕರಾರು ಬರುವುದು ಹೆಚ್ಚಾಗಿ ಅದರಿಂದ. ಸಾರ್ವಜನಿಕ ಪ್ರದರ್ಶನಕ್ಕೆ ಧ್ವನಿ ಮುಚ್ಚಿ ಹಾರ್ಮೋನಿಯಂ, ತಬಲಾ ಇಟ್ಟುಕೊಳ್ಳಿ. ನುಡಿಸುವವರು ಚಿತ್ರವನ್ನು ಮೊದಲೇ ಒಮ್ಮೆ ನೋಡಿರಲಿ. ಬಿದ್ದದ್ದಕ್ಕೆ, ಎದ್ದದ್ದಕ್ಕೆಲ್ಲ ಪೆಟ್ಟು ಹಾಕಬೇಡಿ ಎಂದು ಹೇಳಿ, ದೃಶ್ಯಕ್ಕೊಂದು ಲಯ ಹಿಡಿದರೆ ಸಾಕು. ಮಕ್ಕಳಿಗೆ ಒಟ್ಟು ಅರ್ಧ ಗಂಟೆ ಮೀರದಿರಲಿ: ಮಾಲಿ, ನಾಲ್ಕು ತಲೆ, ಭೂತಗನ್ನಡಿ, ರೋವರ್, ಗರ್ಟಿ. ಇನ್ನೂ ಸಮಯ ಉಳಿದರೆ ಮಾಲಿಯ ಚಿತ್ರವನ್ನೇ ಮತ್ತೊಮ್ಮೆ ಹಾಕಿ, ಅವರೇ ಕೇಳುತ್ತಾರೆ.